ಐದು ಜನ, 500 ರೂಪಾಯಿ, ಒಂದು ಗಿರ್ಮಿಟ್ ಅಂಗಡಿ

ಕೌಶಲ ಬೆಳೆಸಿಕೊಳ್ಳಿ ಎಂದು ಡಿಗ್ರಿ ಹುಡುಗರನ್ನು ಕೂರಿಸಿ ಎರಡು ತಾಸು ಭಾಷಣ ಮಾಡಿದರೆ ಆಕಳಿಕೆ ಬರುತ್ತದೆ, ಅಷ್ಟೇ. ಅದೇ ಹುಡುಗರ ಕೈಗೆ 500 ರೂಪಾಯಿ ಕೊಟ್ಟು, ನಾಳೆ ಸಂಜೆಯೊಳಗೆ ಇದನ್ನು ಬೆಳೆಸಿ ತನ್ನಿ ಅನ್ನಿ. ಹುಬ್ಬಳ್ಳಿ-ಧಾರವಾಡದ ಕಾಲೇಜಿನಲ್ಲಿ ಇದಕ್ಕೆ, ಚುರುಮುರಿಗೆ ಗೊಜ್ಜು ಕಲಸಿ ಮಾಡುವ ಗಿರ್ಮಿಟ್‌ಗಿಂತ ಒಳ್ಳೆಯ ಸರಕು ಇಲ್ಲ.

ಮೊದಲು ತಂಡ. ಗೆಳೆಯರು ಗೆಳೆಯರೇ ಗುಂಪುಕಟ್ಟಲು ಬಿಡಬೇಡಿ, ಚೀಟಿ ಎತ್ತಿಸಿ. ಖರೀದಿ, ಅಡುಗೆ, ಮಾರಾಟ, ಲೆಕ್ಕಕ್ಕೆ ಒಬ್ಬೊಬ್ಬರು. ಐದನೆಯ ಕೆಲಸ ತಟ್ಟೆ, ನೀರು, ಕಸ. ಅದು ಯಾರಿಗೂ ಬೇಡ. ಅದನ್ನು ಹೇಗೆ ಹಂಚಿಕೊಳ್ಳುತ್ತಾರೆ ಅನ್ನುವುದನ್ನು ನೀವು ನೋಟ್‌ಬುಕ್ ಹಿಡಿದು ದೂರ ಕುಳಿತು ನೋಡಿ. ಅಂಗಡಿ ಕಾಲೇಜಿನ ಆವರಣದಲ್ಲೇ ಇರಲಿ, ಪ್ರಿನ್ಸಿಪಾಲರನ್ನು ಮೊದಲೇ ಕೇಳಿಕೊಳ್ಳಿ.

ಖರೀದಿ ಹಿಂದಿನ ದಿನ. ಹುಬ್ಬಳ್ಳಿಯ ದುರ್ಗದಬೈಲ್ ಮಾರುಕಟ್ಟೆಯಲ್ಲಿ ಮೂರು ಅಂಗಡಿಯ ದರ ಬರೆದುಕೊಂಡ ಮೇಲೆಯೇ ಕೊಳ್ಳಬೇಕು. "ಅಣ್ಣಾರ, ಸ್ವಲ್ಪ ನೋಡಿ ಹಾಕ್ರಿ" ಅನ್ನಲು ನಾಚುವ ಹುಡುಗನನ್ನೇ ಕಳಿಸಿ.

ಗಿರ್ಮಿಟ್‌ಗೆ ಒಂದು ಗುಣವಿದೆ. ಉಳ್ಳಾಗಡ್ಡಿ, ಹುಣಸೆಹಣ್ಣಿನ ಗೊಜ್ಜನ್ನು ಮುಂಚೆಯೇ ಮಾಡಿಡಬಹುದು. ಪುಟಾಣಿ (ಹುರಿಗಡಲೆ) ಹಿಟ್ಟೂ ರೆಡಿ ಇಡಬಹುದು. ಆದರೆ ಚುರುಮುರಿಗೆ ಗೊಜ್ಜು ಬಿದ್ದರೆ ಮುಗಿಯಿತು, ಸ್ವಲ್ಪ ಹೊತ್ತಿಗೇ ಮೆತ್ತಗಾಗುತ್ತದೆ. ನಾನು ಮೊದಲ ಸಲ ಇದನ್ನು ಮಾಡಿಸಿದಾಗ ಒಂದು ತಂಡ, ಗದ್ದಲ ಆಗುತ್ತದೆ ಅಂತ ಒಂದು ಬುಟ್ಟಿ ಕಲಸಿಟ್ಟುಕೊಂಡಿತು. ಅವತ್ತೇ ಬಿಡುವಿನ ಗಂಟೆ ತಡವಾಗಿ ಹೊಡೆಯಿತು. ಅರ್ಧ ಬುಟ್ಟಿ ದನಕ್ಕೆ ಹೋಯಿತು. ಗಿರಾಕಿ ಕೇಳಿದ ಮೇಲೆ ಕಲಸಬೇಕು ಅಂತ ನಾನು ಹೇಳುವ ಅಗತ್ಯ ಬೀಳಲಿಲ್ಲ.

ಮಾರಾಟ ಶುರುವಾಗಿ ಒಂದು ತಾಸಿಗೆ ಸೀಟಿ ಊದಿ, ಕೆಲಸ ಅದಲುಬದಲು ಮಾಡಿ. ಲೆಕ್ಕದವನು ತಟ್ಟೆ ತೊಳೆಯಲಿ, ಕೂಗುತ್ತಿದ್ದವಳು ಗಲ್ಲಾ ಹಿಡಿಯಲಿ. ಜಗಳ ಆಗುತ್ತದೆ. ಬಿಡಿಸಲು ಓಡಬೇಡಿ.

ಅಂಗಡಿ ಎತ್ತಿದ ಮೇಲೆ ಲೆಕ್ಕ. ಇಲ್ಲಿ ಅವಸರ ಬೇಡ. ಖರ್ಚು 420 ರೂಪಾಯಿ, 20 ರೂಪಾಯಿಯಂತೆ 40 ಪ್ಲೇಟ್ ಮಾರಿ 800 ಬಂತು ಅನ್ನೋಣ. "380 ಲಾಭ ಆತ್ರಿ ಸರ!" ಅಂತ ಕುಣಿಯುತ್ತಾರೆ. ಕುಣಿಯಲಿ. ಆಮೇಲೆ ಮೆಲ್ಲಗೆ ಕೇಳಿ: ಐದು ಜನ ನಾಲ್ಕು ತಾಸು ದುಡಿದಿರಿ, ಅಂದರೆ 20 ತಾಸು. ತಾಸಿಗೆ ಎಷ್ಟು ಬಿತ್ತು? 19 ರೂಪಾಯಿ. ಅದೂ ಮನೆಯಿಂದ ತಂದ ಗ್ಯಾಸಿಗೆ, ಪಾತ್ರೆಗೆ ಬಾಡಿಗೆ ಹಿಡಿಯದೆ. ಒಂದು ಗಳಿಗೆ ಎಲ್ಲರೂ ಸುಮ್ಮನಾಗುತ್ತಾರೆ. ಆಮೇಲೆ ಶುರುವಾಗುತ್ತದೆ ನಿಜವಾದ ಮಾತು: ದರ 25 ಮಾಡಬೇಕಿತ್ತಾ, ಐದು ಜನ ಬೇಕಿತ್ತಾ, ಮಿರ್ಚಿ ಭಜಿನೂ ಇಟ್ಟಿದ್ದರೆ?

ಹಾವೇರಿ ಕಡೆಯವರು ಬ್ಯಾಡಗಿ ಮೆಣಸಿನಪುಡಿಯ ಸಣ್ಣ ಪೊಟ್ಟಣ ಮಾರಿಸಬಹುದು. ಬಣ್ಣ ಜಾಸ್ತಿ, ಖಾರ ಕಡಿಮೆ ಅಂತ ಗಿರಾಕಿಗೆ ಬಿಡಿಸಿ ಹೇಳುವುದೇ ಅಲ್ಲಿನ ಸವಾಲು. ಗದಗಿನವರಿಗೆ ಬೆಟಗೇರಿಯ ನೇಕಾರರಿದ್ದಾರೆ. ಸೀರೆ ಕೊಂಡಿಡದೆ, ತೋರಿಸಿ ಆರ್ಡರ್ ಹಿಡಿಯುವ ಆಟ ಆಡಿಸಿ.

ಕೊಟ್ಟ 500 ವಾಪಸ್ ಇಸಿದುಕೊಳ್ಳಿ. ಹದಿನೈದು ದಿನ ಬಿಟ್ಟು ಅದೇ ತಂಡಕ್ಕೆ ಮತ್ತೆ ಕೊಡಿ. ಈ ಸಲ ಎಷ್ಟು ಜನ ನಿಲ್ಲಬೇಕು ಅಂತ ಅವರೇ ಹೇಳಲಿ.