ಅತ್ತೆಯ ನೋಟ್‌ಬುಕ್ ಮತ್ತು ಮೂವತ್ತು ಅಕ್ಷರಗಳು

ಕಕ್ಕಬ್ಬೆಯ ಹತ್ತಿರ, ತಡಿಯಂಡಮೋಳ್ ಬೆಟ್ಟಕ್ಕೆ ಹೋಗುವ ದಾರಿಯ ಕಡೆ ನಮ್ಮದೊಂದು ಹೋಮ್‌ಸ್ಟೇ ಇದೆ. ನಾಲ್ಕು ಕೋಣೆ, ಸುತ್ತ ರೊಬಸ್ಟಾ ತೋಟ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಡಾಂಬರು ಮುಗಿದ ಮೇಲೆ ಎರಡು ಕಿಲೋಮೀಟರ್ ಕಲ್ಲುಹಾದಿ. 2019ರ ಅಕ್ಟೋಬರ್‌ನಿಂದ ಇದರ ಗೂಗಲ್ ಜಾಹೀರಾತುಗಳನ್ನು ನಾನೇ ಬರೆಯುತ್ತಿದ್ದೇನೆ.

ಅದಕ್ಕೂ ಮೊದಲು ನಮಗೆ ಜಾಹೀರಾತು ಬೇಕಾಗಿರಲಿಲ್ಲ. ಒಮ್ಮೆ ಬಂದವರು ತಮ್ಮ ನೆಂಟರನ್ನು ಕಳಿಸುತ್ತಿದ್ದರು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಭೂಕುಸಿತವಾಯಿತು. ನಮ್ಮ ತೋಟಕ್ಕೆ ಏನೂ ಆಗಿರಲಿಲ್ಲ, ಆದರೆ ಟೀವಿಯಲ್ಲಿ ಕುಸಿದ ಗುಡ್ಡಗಳನ್ನು ಕಂಡವರಿಗೆ ಇಡೀ ಜಿಲ್ಲೆಯೇ ಕುಸಿದಂತೆ ತೋರಿದ್ದು ಸಹಜ. ಫೋನು ನಿಂತಿತು. ಒಂದು ವರ್ಷ ಕಾದು, ಕೊನೆಗೆ ನಾನೇ ಖಾತೆ ತೆರೆದು ಮೊದಲ ಜಾಹೀರಾತು ಬರೆದೆ. ‘ಪ್ರಕೃತಿಯ ಮಡಿಲಲ್ಲಿ ಸ್ವರ್ಗ!’ ಎಂಬ ಅರ್ಥದ ಇಂಗ್ಲಿಷ್ ಶೀರ್ಷಿಕೆ. ಅದು ತಿರಸ್ಕಾರವಾಗಿ ಹಿಂದೆ ಬಂತು. ಶೀರ್ಷಿಕೆಯಲ್ಲಿ ಆಶ್ಚರ್ಯಸೂಚಕ ಚಿಹ್ನೆ ಹಾಕುವಂತಿಲ್ಲ ಎಂಬ ನಿಯಮವನ್ನು ನಾನು ಓದಿರಲಿಲ್ಲ. ಚಿಹ್ನೆ ತೆಗೆದು ಮತ್ತೆ ಹಾಕಿದೆ.

ದಿನಕ್ಕೆ 300 ರೂಪಾಯಿಯಂತೆ ಮೊದಲ ತಿಂಗಳು ಒಂಬತ್ತು ಸಾವಿರ ಹೋಯಿತು. ಆಗ ನಮ್ಮ ತೋಟದಲ್ಲಿ ಅದು ನಾಲ್ವರು ಆಳುಗಳ ವಾರದ ಕೂಲಿ. ಜಾಹೀರಾತನ್ನು ಯಾರಾದರೂ ಒತ್ತಿದಾಗಲೆಲ್ಲ, ಅಂದರೆ ಪ್ರತಿ ಕ್ಲಿಕ್‌ಗೂ, ನಮ್ಮ ಹಣ ಹೋಗುತ್ತದೆ. ಕ್ಲಿಕ್‌ಗಳೇನೋ ಬಂದಿದ್ದವು, ಮನೆಗೆ ಬಂದ ಅತಿಥಿಗಳು ಎರಡೇ ಕುಟುಂಬ. ಲೆಕ್ಕವನ್ನು ಮಾವನ ಮುಂದಿಟ್ಟಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: “ಮೂಟೆ ಎಷ್ಟು ಎಂದು ಹೇಳಿದೆ, ಔಟ್‌ಟರ್ನ್ ಎಷ್ಟು?”

ಕಾಫಿ ಬೆಳೆಯುವವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಚೆರಿ ಎಂದರೆ ಒಣಗಿಸಿದ ಕಾಫಿ ಹಣ್ಣು; ಅದರ ಐವತ್ತು ಕಿಲೋ ಮೂಟೆಯಿಂದ ಎಷ್ಟು ಕಿಲೋ ಬೇಳೆ ಸಿಗುತ್ತದೆ ಎಂಬುದೇ ಔಟ್‌ಟರ್ನ್. ವ್ಯಾಪಾರಿ ದರ ಕಟ್ಟುವುದು ಅದರ ಮೇಲೆ. ನಾನು ಒಂದು ತಿಂಗಳು ಮೂಟೆ ಎಣಿಸುತ್ತ ಕುಳಿತಿದ್ದೆ.

ಅಂದಿನಿಂದ ‘ಸರ್ಚ್ ಟರ್ಮ್ಸ್’ ಎಂಬ ವರದಿಯನ್ನು ಓದಲು ಶುರುಮಾಡಿದೆ. ಕೀವರ್ಡ್ ಎಂದರೆ ನಾವು ಕೊಟ್ಟ ಪದ, ಸರ್ಚ್ ಟರ್ಮ್ ಎಂದರೆ ಹುಡುಕಿದವರು ನಿಜವಾಗಿ ಟೈಪ್ ಮಾಡಿದ ಮಾತು. ಎರಡರ ನಡುವೆ ಎಷ್ಟು ದೂರವಿತ್ತೆಂದರೆ, ನಾನು ‘ಕೂರ್ಗ್ ಹೋಮ್‌ಸ್ಟೇ’ ಎಂದು ಕೊಟ್ಟಿದ್ದಕ್ಕೆ ಬಂದವರು ಹುಡುಕಿದ್ದು ಕೂರ್ಗ್ ಹವಾಮಾನ, ಹೋಮ್‌ಸ್ಟೇಯಲ್ಲಿ ಕೆಲಸ, ಹೋಮ್‌ಸ್ಟೇ ಲೈಸೆನ್ಸ್, ಈಜುಕೊಳವಿರುವ ರೆಸಾರ್ಟ್, ಚಿಕ್ಕಮಗಳೂರಿನ ಹೋಮ್‌ಸ್ಟೇ. ಲೈಸೆನ್ಸ್ ಹುಡುಕುತ್ತಿದ್ದವರು ನಮ್ಮ ಅತಿಥಿಗಳಾಗುವವರೇ ಅಲ್ಲ, ಅವರಿಗೂ ನಾನು ಹಣ ಕೊಟ್ಟಿದ್ದೆ. ಏಕೆಂದರೆ ಕೀವರ್ಡನ್ನು ಯಾವ ಚಿಹ್ನೆಯೂ ಇಲ್ಲದೆ ಹಾಗೆಯೇ ಬರೆದಿದ್ದೆ. ಹಾಗೆ ಬರೆದರೆ ಅದು ಬ್ರಾಡ್ ಮ್ಯಾಚ್: ಅರ್ಥದಲ್ಲಿ ಹತ್ತಿರ ಎನಿಸಿದ ಯಾವ ಹುಡುಕಾಟಕ್ಕೂ ಜಾಹೀರಾತು ಹೋಗಬಹುದು. ಉದ್ಧರಣ ಚಿಹ್ನೆಯೊಳಗಿಟ್ಟರೆ ಫ್ರೇಸ್ ಮ್ಯಾಚ್: ಆ ಮಾತಿನ ಅರ್ಥ ಒಳಗೊಂಡ ಹುಡುಕಾಟಕ್ಕೆ ಮಾತ್ರ. ಚೌಕ ಆವರಣದೊಳಗಿಟ್ಟರೆ ಎಕ್ಸಾಕ್ಟ್ ಮ್ಯಾಚ್: ಅದೇ ಅರ್ಥದ ಹುಡುಕಾಟಕ್ಕೆ ಮಾತ್ರ. ಎಲ್ಲವನ್ನೂ ಈ ಎರಡಕ್ಕೆ ಬದಲಿಸಿದೆ. ನಮಗೆ ಬೇಡದ ಮಾತುಗಳನ್ನು ನೆಗೆಟಿವ್ ಕೀವರ್ಡ್ ಪಟ್ಟಿಗೆ, ಅಂದರೆ ಇವನ್ನು ಹುಡುಕಿದವರಿಗೆ ಜಾಹೀರಾತು ತೋರಿಸಬೇಡಿ ಎನ್ನುವ ಪಟ್ಟಿಗೆ, ಸೇರಿಸುತ್ತ ಹೋದೆ. ಇಂಗ್ಲಿಷಿನ ಏಕವಚನ, ಬಹುವಚನ ಎರಡನ್ನೂ ಬೇರೆ ಬೇರೆಯಾಗಿ ಹಾಕಬೇಕು ಎಂಬುದು ತಿಳಿಯಲು ಇನ್ನೂ ಒಂದು ವಾರ ಬೇಕಾಯಿತು. ಮೊದಲ ದಿನವೇ ತೆಗೆಯಬೇಕಾಗಿದ್ದ ಇನ್ನೊಂದು ಗುರುತು ಡಿಸ್‌ಪ್ಲೇ ನೆಟ್‌ವರ್ಕ್, ಅಂದರೆ ಬೇರೆ ಜಾಲತಾಣ, ಆ್ಯಪ್‌ಗಳಲ್ಲಿ ಜಾಹೀರಾತು ತೋರಿಸುವ ವ್ಯವಸ್ಥೆ. ಅದು ಆಯ್ಕೆಯಾಗಿಯೇ ಉಳಿದಿದ್ದರಿಂದ ಹುಡುಕದೇ ಇದ್ದವರ ಕಣ್ಣಿಗೂ ನಮ್ಮ ಜಾಹೀರಾತು ಬೀಳುತ್ತಿತ್ತು.

ಪಟ್ಟಿಯಲ್ಲಿ ಈಜುಕೊಳ ಎಂಬ ಪದವನ್ನು ತಡೆಯುವಾಗ ಮಾತ್ರ ಕೈ ತಡೆಯಿತು. ಬಂದವರು ತೋಟ ನೋಡಿ ಒಪ್ಪಿಕೊಂಡಾರು ಎಂಬ ಆಸೆ. ಆದರೆ ಮಕ್ಕಳಿಗೆ ನೀರಾಟ ಬೇಕೆಂದು ಹುಡುಕುವ ತಂದೆತಾಯಿಯರಿಗೆ ನಮ್ಮ ಮನೆಯಲ್ಲಿ ಕೊಡುವುದಕ್ಕೆ ಏನೂ ಇಲ್ಲ. ಆ ಪದವನ್ನೂ ಸೇರಿಸಿದೆ.

ಇಷ್ಟಾದರೂ ಇದು ಸೋರುವುದನ್ನು ನಿಲ್ಲಿಸುವ ಕೆಲಸವಷ್ಟೇ. ಜಾಹೀರಾತಿನ ಮಾತು ಸುಧಾರಿಸಿದ್ದು ಅತ್ತೆಯಿಂದ.

ನಮ್ಮಲ್ಲಿ ಫೋನು ಎತ್ತುವವರು ಅತ್ತೆ. ಒಂದು ಸಂಜೆ ಪಕ್ಕದಲ್ಲಿ ಕುಳಿತು ಕೇಳಿಸಿಕೊಳ್ಳುತ್ತಿದ್ದೆ. ಬೆಂಗಳೂರಿನಿಂದ ಯಾರೋ ಕರೆ ಮಾಡಿದ್ದರು. ಅತ್ತೆ ಹೇಳಿದರು: “ಚಿಕ್ಕ ಕಾರಾದರೆ ಅಂಗಡಿಯ ಹತ್ತಿರ ಬಿಟ್ಟುಬಿಡಿ, ನಾವು ಜೀಪು ಕಳಿಸುತ್ತೇವೆ. ರಾತ್ರಿ ಊಟಕ್ಕೆ ಪಂದಿಕರಿ, ಕಡಂಬಟ್ಟು. ತಿನ್ನದವರಿದ್ದರೆ ಮೊದಲೇ ಹೇಳಿ, ಬೇರೆ ಮಾಡುತ್ತೇನೆ. ಮೊಬೈಲು ಅಂಗಳದಲ್ಲಿ ಮಾತ್ರ ಸಿಗುತ್ತದೆ.” ಆ ಕಡೆಯವರು ಆಗಲೇ ಕೋಣೆ ಗೊತ್ತುಮಾಡಿದರು.

ನಾನು ಮೂರು ತಿಂಗಳಿನಿಂದ ಸ್ವರ್ಗ, ಮಡಿಲು, ಮಂಜು ಎಂದು ಬರೆಯುತ್ತಿದ್ದೆ. ಆ ಮಾತುಗಳನ್ನು ಕೊಡಗಿನ ಯಾವ ಹೋಮ್‌ಸ್ಟೇಯಾದರೂ ಬರೆದುಕೊಳ್ಳಬಹುದು. ಅತ್ತೆಯ ಮಾತಿನಲ್ಲಿ ನಮ್ಮ ಮನೆಯದ್ದಲ್ಲದ ಒಂದು ಪದವೂ ಇರಲಿಲ್ಲ. ಮರುದಿನ ಫೋನಿನ ಪಕ್ಕ ಒಂದು ನೋಟ್‌ಬುಕ್ ಇಟ್ಟೆ. ಕರೆ ಮಾಡಿದವರು ಯಾವ ಊರಿನವರು, ನಮ್ಮ ವಿಷಯ ಹೇಗೆ ತಿಳಿಯಿತು, ಮೊದಲು ಏನು ಕೇಳಿದರು, ಕೊನೆಗೆ ಬಂದರೋ ಇಲ್ಲವೋ ಎಂಬ ನಾಲ್ಕು ವಿವರ. ಅತ್ತೆ ತಮ್ಮ ದುಂಡು ಅಕ್ಷರದಲ್ಲಿ ಒಂದು ದಿನವೂ ತಪ್ಪದೆ ಬರೆದರು. ಸೋಮವಾರ ಬೆಳಿಗ್ಗೆ ಆ ಪುಟವನ್ನೂ ಸರ್ಚ್ ಟರ್ಮ್ಸ್ ವರದಿಯನ್ನೂ ಅಕ್ಕಪಕ್ಕ ಇಟ್ಟುಕೊಂಡು ಕೂರುವುದು ನನ್ನ ಅಭ್ಯಾಸವಾಯಿತು. ಕಂಪ್ಯೂಟರ್ ಕೊಡುವ ಅಂಕಿಗಳು ನಮ್ಮಂಥ ಸಣ್ಣ ಖಾತೆಯಲ್ಲಿ ಪೂರ್ತಿ ಕಥೆ ಹೇಳುವುದಿಲ್ಲ. ತೀರಾ ಕಡಿಮೆ ಜನ ಹುಡುಕಿದ ಮಾತುಗಳು ಆ ವರದಿಯಲ್ಲಿ ಕಾಣುವುದೂ ಇಲ್ಲ. ನೋಟ್‌ಬುಕ್ಕಿನಲ್ಲಿ ಅವೂ ಇದ್ದವು.

ಜನ ಮೊದಲು ಕೇಳುತ್ತಿದ್ದ ಪ್ರಶ್ನೆಗಳು ಐದಾರೇ: ರಸ್ತೆ ಹೇಗಿದೆ, ಊಟ ಸೇರಿದೆಯೇ, ಒಬ್ಬರಿಗೆ ಎಷ್ಟು, ಬೆಟ್ಟ ಎಷ್ಟು ದೂರ, ಮನೆಯವರು ಅಲ್ಲೇ ಇರುತ್ತೀರಾ. ಉತ್ತರಗಳನ್ನೇ ಶೀರ್ಷಿಕೆ ಮಾಡಿದೆ. ಒಂದು ಶೀರ್ಷಿಕೆಗೆ ಪದಗಳ ನಡುವಿನ ಖಾಲಿ ಜಾಗವೂ ಸೇರಿ ಮೂವತ್ತು ಅಕ್ಷರ, ವಿವರಣೆಗೆ ತೊಂಬತ್ತು. ‘ಕೊನೆಯ 2 ಕಿ.ಮೀ. ನಮ್ಮ ಜೀಪಿನಲ್ಲಿ’ ಎಂಬುದು ಇಂಗ್ಲಿಷಿನಲ್ಲಿ ಇಪ್ಪತ್ತೊಂದು ಅಕ್ಷರಕ್ಕೆ ಕುಳಿತಿತು. ‘ಅತ್ತೆಯ ಕೈಯಡುಗೆ, ಮೂರು ಹೊತ್ತು’, ‘ಒಬ್ಬರಿಗೆ ಇಷ್ಟು, ಊಟ ಸೇರಿ’ ಇವೂ ಕುಳಿತವು. ವಿವರಣೆಯಲ್ಲಿ ಪಂದಿಕರಿಗೆ ಕಚಂಪುಳಿ ಹಾಕುತ್ತೇವೆ ಎಂದು ಬರೆದೆ. ಅದು ಹಣ್ಣಿನಿಂದ ಮಾಡುವ ಕೊಡಗಿನ ಕಪ್ಪು ಹುಳಿ. ಕಚಂಪುಳಿ ಎಂದರೇನು ಎಂದು ಕೇಳುವುದಕ್ಕೇ ಕೆಲವರು ಫೋನು ಮಾಡಿದರು, ಅವರಲ್ಲಿ ಬಂದವರೂ ಇದ್ದಾರೆ.

ಹೊಸ ಜಾಹೀರಾತು ಹಾಕಿದ ಮೇಲೆ ಕ್ಲಿಕ್ ಇಳಿಯಿತು. ನೋಡಿದವರಲ್ಲಿ ಒತ್ತುವವರ ಪ್ರಮಾಣವೂ ಇಳಿಯಿತು. ನಿಜಕ್ಕೂ ಹೆದರಿದೆ, ಏಕೆಂದರೆ ಜಾಹೀರಾತಿನ ಜಾಗಕ್ಕಾಗಿ ಪ್ರತಿ ಹುಡುಕಾಟಕ್ಕೂ ನಡೆಯುವ ಹರಾಜಿನಲ್ಲಿ ಹೆಚ್ಚು ಸವಾಲು ಕೂಗಿದವರೇ ಮೇಲೆ ಬರುವುದಿಲ್ಲ. ಜಾಹೀರಾತಿನ ಗುಣವೂ ಲೆಕ್ಕಕ್ಕೆ ಬರುತ್ತದೆ: ಜನ ಒತ್ತುವ ಸಾಧ್ಯತೆ, ಹುಡುಕಿದ ಮಾತಿಗೂ ಜಾಹೀರಾತಿಗೂ ಇರುವ ಸಂಬಂಧ, ಒತ್ತಿದ ಮೇಲೆ ತೆರೆಯುವ ಪುಟದ ಅನುಭವ. ಒಂದರಿಂದ ಹತ್ತರವರೆಗೆ ಕೊಡುವ ಕ್ವಾಲಿಟಿ ಸ್ಕೋರ್ ಇದೇ ಮೂರನ್ನು ತೋರಿಸುತ್ತದೆ. ಕಲ್ಲುಹಾದಿಯ ಮಾತು ಹೇಳಿ ನಾನೇ ನನ್ನ ಅಂಕ ಕಳೆದುಕೊಂಡೆನೇ ಎಂದು ಎರಡು ವಾರ ನಿದ್ದೆ ಸರಿಯಾಗಿ ಬರಲಿಲ್ಲ. ಆದರೆ ನೋಟ್‌ಬುಕ್ ಬೇರೆಯೇ ಹೇಳುತ್ತಿತ್ತು. ಕರೆಗಳು ಕಡಿಮೆಯಾಗಿರಲಿಲ್ಲ, ಕರೆ ಮಾಡಿದವರು ಬರುವುದು ಹೆಚ್ಚಿತ್ತು. ಬೆಲೆ ಕೇಳಿ ಫೋನು ಇಡುವವರು ಬಹುಮಟ್ಟಿಗೆ ಇಲ್ಲವಾಗಿದ್ದರು. ಕಲ್ಲುಹಾದಿಯನ್ನು ಕಂಡು ಅರ್ಧದಾರಿಯಿಂದ ಕೋಪದಲ್ಲಿ ಕರೆ ಮಾಡುವವರು ಒಬ್ಬರೂ ಇರಲಿಲ್ಲ. ಮಾವ ಕೇಳಿದ ಔಟ್‌ಟರ್ನ್‌ಗೆ ನನ್ನ ಹತ್ತಿರ ಉತ್ತರವಿತ್ತು.

ಅಂಕದ ಭಾಗವನ್ನು ಬೇರೆ ಕಡೆಯಿಂದ ಸರಿಪಡಿಸಿಕೊಂಡೆ. ಒಂದೇ ಗುಂಪಿನಲ್ಲಿದ್ದ ಕೀವರ್ಡುಗಳನ್ನು ಚಾರಣಿಗರದ್ದು, ಕುಟುಂಬದವರದ್ದು ಎಂದು ಎರಡಾಗಿ ಒಡೆದೆ. ತಡಿಯಂಡಮೋಳ್ ಹೆಸರು ಹಾಕಿ ಹುಡುಕಿದವರಿಗೆ ಜಾಹೀರಾತಿನ ಮೊದಲ ಸಾಲಿನಲ್ಲೇ ಆ ಹೆಸರು ಕಾಣಬೇಕು, ಒತ್ತಿದರೆ ತೆರೆಯುವ ಪುಟದಲ್ಲೂ ಮೊದಲು ಅದೇ ಇರಬೇಕು. ಬೆಟ್ಟ 1,748 ಮೀಟರ್, ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಬೇಕು, ಬುತ್ತಿ ನಾವು ಕಟ್ಟಿಕೊಡುತ್ತೇವೆ. ಇಷ್ಟನ್ನೇ ಬರೆದು ಒಂದು ಸಣ್ಣ ಪುಟ ಮಾಡಿದೆ. ಹಳೆಯ ಮುಖಪುಟದಲ್ಲಿದ್ದ ಭಾರಿ ಚಿತ್ರಗಳನ್ನು ಚಿಕ್ಕದು ಮಾಡಿದೆ. ಬಸ್ಸಿನಲ್ಲಿ ಕುಳಿತು ಮೊಬೈಲಿನಲ್ಲಿ ನೋಡುವವರು ಚಿತ್ರ ತೆರೆಯುವವರೆಗೆ ಕಾಯುವುದಿಲ್ಲ.

ಹೆಸರಿನ ವಿಷಯದಲ್ಲಿ ಮನೆಯಲ್ಲಿ ಚರ್ಚೆಯಾಯಿತು. ಮಾವನಿಗೆ ಕೂರ್ಗ್ ಎಂಬ ಪದ ಕಂಡರಾಗದು. ಬ್ರಿಟಿಷರು ಇಟ್ಟುಹೋದದ್ದು, 1956ರಲ್ಲಿ ಕೊಡಗು ರಾಜ್ಯವೇ ಮೈಸೂರಿನೊಂದಿಗೆ ಸೇರಿದ ಮೇಲೂ ನಾವೇಕೆ ಹೊತ್ತುಕೊಂಡು ತಿರುಗಬೇಕು ಎಂಬುದು ಅವರ ವಾದ. ನನಗೂ ಕೊಡಗು ಎಂಬ ಪದವೇ ಹತ್ತಿರ. ಆದರೆ ನಮ್ಮ ವರದಿಯಲ್ಲಿ ಜನ ಟೈಪ್ ಮಾಡಿದ್ದು ಹೆಚ್ಚಾಗಿ ಕೂರ್ಗ್. ಹುಡುಕುವವರ ಪದವನ್ನು ಜಾಹೀರಾತಿನಲ್ಲಿ ಬಿಟ್ಟರೆ ಅವರಿಗೆ ನಾವು ಕಾಣುವುದೇ ಇಲ್ಲ. ಶೀರ್ಷಿಕೆಯಲ್ಲಿ ಕೂರ್ಗ್ ಇಟ್ಟೆ, ಒಳಪುಟದಲ್ಲಿ ಎಲ್ಲ ಕಡೆಯೂ ಕೊಡಗು ಎಂದೇ ಬರೆದೆ. ಕನ್ನಡದಲ್ಲಿ ಹುಡುಕುವವರಿಗಾಗಿ ಕನ್ನಡದ ಜಾಹೀರಾತನ್ನೂ ಬರೆದಿದ್ದೇನೆ. ಅದರಲ್ಲಿ ಮೂವತ್ತು ಅಕ್ಷರ ಬಹಳ ಬೇಗ ಮುಗಿಯುತ್ತದೆ, ಏಕೆಂದರೆ ಒತ್ತು, ಗುಣಿತ ಎಲ್ಲವೂ ಬೇರೆ ಬೇರೆ ಎಣಿಕೆಗೆ ಬರುತ್ತವೆ. ‘ಕಕ್ಕಬ್ಬೆ’ ಕಣ್ಣಿಗೆ ಮೂರೇ ಅಕ್ಷರ, ಲೆಕ್ಕದಲ್ಲಿ ಎಂಟು.

2022ರ ಜೂನ್ 30ರ ನಂತರ, ಬರೆದ ಕ್ರಮದಲ್ಲೇ ಕಾಣುವ ಹಳೆಯ ಬಗೆಯ ಜಾಹೀರಾತನ್ನು ಹೊಸದಾಗಿ ಬರೆಯುವಂತಿಲ್ಲ. ಈಗ ಹದಿನೈದು ಶೀರ್ಷಿಕೆ, ನಾಲ್ಕು ವಿವರಣೆಯವರೆಗೆ ಕೊಟ್ಟರೆ ಯಂತ್ರವೇ ಅವುಗಳನ್ನು ಜೋಡಿಸಿ ತೋರಿಸುತ್ತದೆ. ಇದರಲ್ಲಿ ನನಗೆ ಕಷ್ಟವಾದದ್ದು ಜೀಪಿನ ಸಾಲು. ಅದು ಕೆಲವೊಮ್ಮೆ ಬಂದು ಕೆಲವೊಮ್ಮೆ ಬಿಟ್ಟುಹೋದರೆ ಹಳೆಯ ತೊಂದರೆಯೇ ಮರಳುತ್ತದೆ. ಅದನ್ನು ಎರಡನೆಯ ಸ್ಥಾನಕ್ಕೆ ಪಿನ್ ಮಾಡಿದೆ, ಅಂದರೆ ಅಲ್ಲೇ ನಿಲ್ಲುವಂತೆ ಕಟ್ಟಿಹಾಕಿದೆ. ಪಿನ್ ಮಾಡಿದ ತಕ್ಷಣ ಜಾಹೀರಾತಿನ ಬಲ ಎಂದು ತೋರಿಸುವ ಅಳತೆ ಕೆಳಗಿಳಿಯಿತು. ಆ ಅಳತೆ ಹರಾಜಿನಲ್ಲಿ ನೇರವಾಗಿ ಎಣಿಕೆಗೆ ಬರುವುದಿಲ್ಲ, ಆದ್ದರಿಂದ ಇಳಿದೇ ಇರಲಿ ಎಂದು ಬಿಟ್ಟಿದ್ದೇನೆ.

ಜಾಹೀರಾತು ಯಾವಾಗ ಓಡಬೇಕು ಎಂಬುದನ್ನು ತೋಟವೇ ನಿರ್ಧರಿಸುತ್ತದೆ. ಡಿಸೆಂಬರ್‌ನಿಂದ ಫೆಬ್ರುವರಿಯವರೆಗೆ ಕಾಫಿ ಕೊಯ್ಲು. ಸಂಜೆ ಆಳುಗಳು ಕೊಯ್ದ ಹಣ್ಣನ್ನು ತೂಕ ಹಾಕುವ ಹೊತ್ತಿನಲ್ಲಿ ಅತ್ತೆ ಕಣದಲ್ಲಿರುತ್ತಾರೆ, ಫೋನು ಎತ್ತುವವರಿಲ್ಲ. ಆ ಎರಡು ಗಂಟೆ ಜಾಹೀರಾತು ನಿಲ್ಲುವಂತೆ ವೇಳಾಪಟ್ಟಿ ಮಾಡಿದ್ದೇನೆ. ನಮ್ಮ ಸುಗ್ಗಿ ಹಬ್ಬ ಹುತ್ತರಿಯ ಮೂರು ದಿನ ಪೂರ್ತಿ ನಿಲ್ಲಿಸುತ್ತೇವೆ, ಆಗ ಮನೆ ಮನೆಯವರದ್ದೇ. ಬೆಂಗಳೂರು, ಮೈಸೂರು, ಕಣ್ಣೂರು, ಕೋಯಿಕ್ಕೋಡ್ ಇಷ್ಟು ಊರುಗಳಲ್ಲಿ ಇರುವವರಿಗೆ ಮಾತ್ರ ತೋರಿಸುತ್ತೇನೆ. ಆ ಊರಿನ ಬಗ್ಗೆ ಆಸಕ್ತಿ ಇರುವವರು ಎಂಬ ಆಯ್ಕೆಯನ್ನು ತೆಗೆದಿದ್ದೇನೆ. ಒಂದು ಶನಿವಾರ 300ರ ಬದಲು ಸುಮಾರು 600 ಖರ್ಚಾಗಿದ್ದನ್ನು ಕಂಡು ಗಾಬರಿಯಾಗಿತ್ತು. ದಿನದ ಬಜೆಟ್‌ನ ಎರಡರಷ್ಟರವರೆಗೆ ಒಂದು ದಿನದಲ್ಲಿ ಹೋಗಬಹುದು, ತಿಂಗಳಿನ ಒಟ್ಟು ಮೊತ್ತ ಮಾತ್ರ ದಿನದ ಬಜೆಟ್‌ನ 30.4 ಪಟ್ಟು ಮೀರುವುದಿಲ್ಲ ಎಂಬ ನಿಯಮವನ್ನು ಆಮೇಲೆ ಓದಿದೆ.

ಪಕ್ಕದ ಹೋಮ್‌ಸ್ಟೇಯ ಹೆಸರನ್ನೇ ಕೀವರ್ಡ್ ಮಾಡಿಕೊಳ್ಳಿ, ಅವರ ಅತಿಥಿಗಳು ನಿಮಗೆ ಕಾಣುತ್ತಾರೆ ಎಂದು ಒಬ್ಬರು ಸಲಹೆ ಕೊಟ್ಟರು. ನಾನು ಅದಕ್ಕೆ ವಿರುದ್ಧವಾಗಿ ನೆರೆಯವರ ಹೆಸರುಗಳನ್ನು ನೆಗೆಟಿವ್ ಪಟ್ಟಿಗೆ ಸೇರಿಸಿದೆ. ನಮ್ಮಲ್ಲಿ ಕೋಣೆ ತುಂಬಿದರೆ ನಾವು ಕಳಿಸುವುದು ಅವರಲ್ಲಿಗೆ, ಅವರಲ್ಲಿ ತುಂಬಿದರೆ ಅವರು ಕಳಿಸುವುದು ನಮ್ಮಲ್ಲಿಗೆ. ಅವರ ಹೆಸರು ಟೈಪ್ ಮಾಡಿದವರಿಗೆ ಬೇಕಾಗಿರುವುದು ಅವರ ಫೋನ್ ನಂಬರು.

ಮಳೆಗಾಲದ ಜಾಹೀರಾತನ್ನು ಬೇರೆಯಾಗಿಯೇ ಬರೆಯುತ್ತೇನೆ. ಜಿಗಣೆ ಇರುತ್ತದೆ, ಕರೆಂಟು ಹೋಗುತ್ತದೆ, ಒಲೆಯ ಮುಂದೆ ಕೂರಬಹುದು. ರಸ್ತೆ ತೆರೆದಿದೆ ಎಂಬ ಸಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತುಂಬ ಕೆಲಸ ಮಾಡುತ್ತದೆ, ಅಷ್ಟೇ ಹೊಣೆಯನ್ನೂ ಹೊರಿಸುತ್ತದೆ. ನನ್ನ ಗಂಡ ಬೆಳಿಗ್ಗೆ ಜೀಪಿನಲ್ಲಿ ಕೆಳಗಿನವರೆಗೆ ಹೋಗಿ ಬಂದು ಹೇಳಿದ ಮೇಲೆಯೇ ಆ ಸಾಲು ಓಡುತ್ತದೆ. ಗಾಳಿ ಮಳೆ ಜೋರಾದರೆ ಕೇಳುವುದಕ್ಕೂ ಕಾಯುವುದಿಲ್ಲ, ಎಲ್ಲವನ್ನೂ ನಿಲ್ಲಿಸುತ್ತೇನೆ.

ಏನನ್ನಾದರೂ ಬದಲಿಸಿದರೆ ಎರಡು ವಾರ ಮುಟ್ಟುವುದಿಲ್ಲ. ನಮ್ಮ ಬಜೆಟ್ಟಿಗೆ ಬರುವ ಕ್ಲಿಕ್ ಅಷ್ಟು ಕಡಿಮೆ, ಮೂರು ದಿನದಲ್ಲಿ ಕಂಡ ಏರಿಳಿತಕ್ಕೆ ಅರ್ಥವಿರುವುದಿಲ್ಲ. ಒಮ್ಮೆಗೆ ಒಂದೇ ಸಾಲನ್ನು ಬದಲಿಸುತ್ತೇನೆ. ಯಾವ ತಾರೀಖು ಏನನ್ನು ಬದಲಿಸಿದೆ ಎಂಬುದನ್ನು ಅತ್ತೆಯ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಡುತ್ತೇನೆ.

ಈಗ ಮೂರು ವಾರದಿಂದ ವರದಿಯಲ್ಲಿ ಒಂದು ಹುಡುಕಾಟ ಮತ್ತೆ ಮತ್ತೆ ಬರುತ್ತಿದೆ: ವಯಸ್ಸಾದ ತಂದೆತಾಯಿಯನ್ನು ಕರೆದುಕೊಂಡು ಹೋಗಬಹುದಾದ ಹೋಮ್‌ಸ್ಟೇ. ನೋಟ್‌ಬುಕ್ಕಿನಲ್ಲೂ ‘ಮೆಟ್ಟಿಲು ಇದೆಯಾ’ ಎಂಬ ಪ್ರಶ್ನೆ ನಾಲ್ಕು ಬಾರಿ ಬಂದಿದೆ. ನಮ್ಮ ಕೆಳಗಿನ ಎರಡು ಕೋಣೆಗಳಿಗೆ ಮೆಟ್ಟಿಲಿಲ್ಲ. ‘ಮೆಟ್ಟಿಲಿಲ್ಲದ ಕೋಣೆಗಳು’ ಎಂಬ ಶೀರ್ಷಿಕೆ ಬರೆದು ಅತ್ತೆಗೆ ತೋರಿಸಿದೆ. ಅವರು ಎದ್ದುಹೋಗಿ ಬಚ್ಚಲಿನ ಬಾಗಿಲಲ್ಲಿ ನಿಂತು, “ಇಲ್ಲಿ ಒಂದು ಇದೆಯಲ್ಲ ಮಗಳೇ” ಎಂದರು. ಗೇಣುದ್ದದ ಮೆಟ್ಟಿಲು, ನನ್ನ ಲೆಕ್ಕಕ್ಕೆ ಬಂದಿರಲಿಲ್ಲ. ಮೇಸ್ತ್ರಿ ಗುರುವಾರ ಬಂದು ಅಲ್ಲಿ ಇಳಿಜಾರು ಕಟ್ಟುತ್ತಾರೆ. ಸಿಮೆಂಟು ಒಣಗುವವರೆಗೆ ಆ ಶೀರ್ಷಿಕೆ ನೋಟ್‌ಬುಕ್ಕಿನಲ್ಲೇ ಇರುತ್ತದೆ.