ಅಗಸ್ತ್ಯನ ಪಕ್ಕದ ಕುಬ್ಜ ಗೆಲಾಕ್ಸಿ: ನಕ್ಷತ್ರಗಳ ವಯಸ್ಸು ಓದಿದ ಬಗೆ

ಚಳಿಗಾಲದ ರಾತ್ರಿ ದಕ್ಷಿಣ ದಿಕ್ಕಿನಲ್ಲಿ ತಗ್ಗಿನಲ್ಲೇ ಹೊಳೆಯುವ ಅಗಸ್ತ್ಯ ನಮಗೆಲ್ಲ ಗೊತ್ತು. ಅಲ್ಲಿಂದ ಮೂರು ಡಿಗ್ರಿ ಆಚೆ, ಸುಮಾರು 3.4 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿ ಕರೀನಾ ಕುಬ್ಜ ಗೆಲಾಕ್ಸಿ ಇದೆ. 1977ರಲ್ಲಿ ಪತ್ತೆಯಾದ ಇದರಲ್ಲಿ ನಕ್ಷತ್ರಗಳು ಕಂತುಗಳಲ್ಲಿ ಹುಟ್ಟಿವೆ, ನಡುವೆ ನೂರಾರು ಕೋಟಿ ವರ್ಷಗಳ ಬಿಡುವು. ವಯಸ್ಸು ಓದಲು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಚಿಲಿಯ 4 ಮೀಟರ್ ಬ್ಲಾಂಕೊ ದೂರದರ್ಶಕದ ಚಿತ್ರಗಳನ್ನು ಸಾರ್ವಜನಿಕ ಸಂಗ್ರಹದಿಂದ ಇಳಿಸಿಕೊಂಡು, ನೀಲಿ ಕಡೆಯದೊಂದು, ಕೆಂಪು ಕಡೆಯದೊಂದು ಫಿಲ್ಟರ್ ಆರಿಸಿದೆವು. ಹಳೆಯ ನಕ್ಷತ್ರಗಳು ಮುಖ್ಯ ಶ್ರೇಣಿ (ತಿರುಳಿನ ಹೈಡ್ರೋಜನ್ ಉರಿಸುವ ದೀರ್ಘ ಘಟ್ಟ) ಬಿಟ್ಟು ತಿರುಗುವ ಜಾಗ ಇಲ್ಲಿ 24ನೇ ಕಾಂತಿಮಾನದ ಆಸುಪಾಸು. ಕಾಂತಿಮಾನ ಹೊಳಪಿನ ಅಳತೆ, ಅಂಕಿ ದೊಡ್ಡದಾದಷ್ಟು ನಕ್ಷತ್ರ ಮಂಕು. ಹಾಗಾಗಿ 25ರವರೆಗೆ ಇಳಿಯದ ಚಿತ್ರ ಈ ಕೆಲಸಕ್ಕೆ ಬಾರದು.

ಕಾಂತಿ ಅಳೆದದ್ದು ಪೀಟರ್ ಸ್ಟೆಟ್ಸನ್ ಬರೆದ ಡಾಫಾಟ್ ತಂತ್ರಾಂಶದಲ್ಲಿ. ಒಂಟಿಯಾಗಿ ನಿಂತ, ಕ್ಯಾಮೆರಾದಲ್ಲಿ ಬೆಳಕು ತುಂಬಿ ಸೋರದ ನಕ್ಷತ್ರಗಳಿಂದ ಬೆಳಕಿನ ಹರಡುವಿಕೆಯ ಮಾದರಿ ಕಟ್ಟಬೇಕು. ಚಿತ್ರದ ಅಂಚಿಗೆ ಹೋದಂತೆ ಆ ಆಕಾರ ಬದಲಾಗುತ್ತದೆ. ಇಡೀ ಚಿತ್ರಕ್ಕೆ ಒಂದೇ ಮಾದರಿ ಹಾಕಿದರೆ ಅಂಚಿನ ನಕ್ಷತ್ರಗಳ ಬಣ್ಣ ಜಾರಿ, ಇಲ್ಲದ ವಯಸ್ಸುಗಳು ಹುಟ್ಟಿಕೊಳ್ಳುತ್ತವೆ. ದೂರದ ಗೆಲಾಕ್ಸಿಗಳು ನಕ್ಷತ್ರಗಳಂತೆ ನುಸುಳುತ್ತವೆ. ಅವನ್ನು, ಬೆಳಕು ಎಷ್ಟು ಚುಕ್ಕಿಯಂತಿದೆ ಎಂದು ಹೇಳುವ ತೀಕ್ಷ್ಣತೆಯ ಅಂಕಿ ನೋಡಿ ಕಿತ್ತೆವು. ನಡುವೆ ಅಡ್ಡ ಬರುವ ನಮ್ಮ ಆಕಾಶಗಂಗೆಯ ನಕ್ಷತ್ರಗಳಲ್ಲಿ ಪ್ರಕಾಶಮಾನವಾದವನ್ನು ಗಾಯಾ ಉಪಗ್ರಹ ಅಳೆದ ಚಲನೆಯಿಂದ ಬೇರ್ಪಡಿಸಬಹುದು. ಮಂಕಾದವುಗಳಿಗೆ ಪಕ್ಕದ ಖಾಲಿ ಆಕಾಶವನ್ನು ಎಣಿಸಿ ಕಳೆಯುವುದೇ ದಾರಿ.

ಈಗ ಬಣ್ಣ-ಕಾಂತಿಮಾನ ನಕ್ಷೆ: ಅಡ್ಡಕ್ಕೆ ಬಣ್ಣ, ಲಂಬಕ್ಕೆ ಕಾಂತಿಮಾನ, ಪ್ರಕಾಶಮಾನವಾದವು ಮೇಲೆ. ಮೊದಲು ಕಣ್ಣಿಗೆ ಬೀಳುವುದು ಕೆಂಪು ದೈತ್ಯಗಳ ತೆಳ್ಳನೆಯ ಗೆರೆ. ಒಂದೇ ಪೀಳಿಗೆ ಎಂದು ನಂಬಿಸಿಬಿಡುವಷ್ಟು ಅಚ್ಚುಕಟ್ಟು. ನಂಬಬೇಡಿ. ಲೋಹಾಂಶ (ಹೈಡ್ರೋಜನ್, ಹೀಲಿಯಂಗಿಂತ ಭಾರವಾದ ಧಾತುಗಳ ಪಾಲು) ಹೆಚ್ಚಿದರೆ ನಕ್ಷತ್ರ ಕೆಂಪಾಗುತ್ತದೆ, ಪ್ರಾಯ ಕಡಿಮೆಯಾದರೆ ನೀಲಿಗೆ ಸರಿಯುತ್ತದೆ. ಕರೀನಾದಲ್ಲಿ ಎರಡೂ ಒಂದನ್ನೊಂದು ಸರಿದೂಗಿಸಿಕೊಂಡಿವೆ. ನಿಜ ಹೊರಬರುವುದು ಕೆಳಗೆ, ಮುಖ್ಯ ಶ್ರೇಣಿ ಬಿಟ್ಟು ದೈತ್ಯವಾಗಲು ಹೊರಟ ಉಪದೈತ್ಯಗಳ ಹತ್ತಿರ. ಅಲ್ಲಿ ಗೆರೆ ಎರಡಾಗಿ ಸೀಳುತ್ತದೆ: ಕೆಳಗಿನದು 1000 ಕೋಟಿ ವರ್ಷ ದಾಟಿದವು, ಮೇಲಿನದು ನಡುವಯಸ್ಸಿನವು.

ಐಸೋಕ್ರೋನ್ (ಒಂದೇ ವಯಸ್ಸಿನ ನಕ್ಷತ್ರಗಳು ನಕ್ಷೆಯಲ್ಲಿ ಬೀಳಬೇಕಾದ ಲೆಕ್ಕದ ಗೆರೆ) ಕೂರಿಸುವ ಮೊದಲು ಲೋಹಾಂಶವನ್ನು ರೋಹಿತದಿಂದ, ಅಂದರೆ 8498, 8542, 8662 ಆಂಗ್‌ಸ್ಟ್ರಾಮ್‌ನ ಕ್ಯಾಲ್ಸಿಯಂ ಗೆರೆಗಳಿಂದ, ಪಡೆದುಕೊಳ್ಳಿ. ಅದನ್ನು ಸಡಿಲ ಬಿಟ್ಟರೆ ಬೇಕಾದ ವಯಸ್ಸು ಬೇಕಾದಂತೆ ಕೂರುತ್ತದೆ. ದೂರಮಾನದಲ್ಲಿ (ದೂರವನ್ನು ಕಾಂತಿಮಾನದ ವ್ಯತ್ಯಾಸವಾಗಿ ಹೇಳುವ ಅಂಕಿ) 0.1 ತಪ್ಪಿದರೂ ಹಳೆಯ ನಕ್ಷತ್ರಗಳ ವಯಸ್ಸು ಶೇ. 10ರಷ್ಟು, ಅಂದರೆ 100 ಕೋಟಿ ವರ್ಷಕ್ಕೂ ಹೆಚ್ಚು, ಆಚೀಚೆ ಆಗುತ್ತದೆ.

ಹೆಚ್ಚು ಸಮಯ ತಿಂದದ್ದು ಕೃತಕ ನಕ್ಷತ್ರಗಳ ಪರೀಕ್ಷೆ. ಕಾಂತಿಮಾನ ಗೊತ್ತಿರುವ ನಕಲಿ ನಕ್ಷತ್ರಗಳನ್ನು ಚಿತ್ರಕ್ಕೆ ಸೇರಿಸಿ, ಎಷ್ಟು ಮರಳಿ ಸಿಗುತ್ತವೆ ಎಂದು ನೋಡಬೇಕು. ಒಮ್ಮೆಗೇ ಸಾವಿರಾರು ಸುರಿದರೆ ನಾವೇ ಜನಜಂಗುಳಿ ಮಾಡಿದಂತೆ. ಒಂದರ ಬೆಳಕು ಇನ್ನೊಂದಕ್ಕೆ ತಾಗದಷ್ಟು ಅಂತರದ ಜಾಲರಿಯಲ್ಲಿಟ್ಟು, ಜಾಲರಿಯನ್ನು ಸರಿಸುತ್ತ ಮತ್ತೆ ಮತ್ತೆ ಓಡಿಸಿ. ಅರ್ಧದಷ್ಟು ಮಾತ್ರ ಮರಳಿ ಸಿಗುವ ಕಾಂತಿಮಾನಕ್ಕಿಂತ ಮಂಕಾದವುಗಳ ಎಣಿಕೆಯನ್ನು ನಾವು ಬಳಸಲಿಲ್ಲ.

ಹಳೆಯ ತಿರುವಿಗಿಂತ ಮೇಲೆ ನೀಲಿ ಕಡೆ ಚಾಚಿದ ನಕ್ಷತ್ರಗಳನ್ನೆಲ್ಲ ಎಳೆಯವು ಎಂದು ಬರೆದುಕೊಳ್ಳಬಾರದು. ಜೋಡಿ ನಕ್ಷತ್ರಗಳಲ್ಲಿ ಒಂದು ಇನ್ನೊಂದರ ದ್ರವ್ಯ ಹೀರಿಕೊಂಡಾಗಲೂ ಅದು ಇದೇ ಜಾಗಕ್ಕೆ ಬಂದು ಕೂರುತ್ತದೆ. ಆದ್ದರಿಂದ 100–200 ಕೋಟಿ ವರ್ಷದ ಪೀಳಿಗೆಯ ಸಂಖ್ಯೆಯನ್ನು ನಾವು ಗರಿಷ್ಠ ಮಿತಿಯಾಗಿ ಮಾತ್ರ ಕೊಡುತ್ತೇವೆ.