ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿದ ಮೇಲೆ ಊರು ಸೇರುವುದು ಹೇಗೆ

ದೇವನಹಳ್ಳಿಯ ನಿಲ್ದಾಣದಿಂದ ಬೆಂಗಳೂರಿನ ನಡುಭಾಗದ ಮೆಜೆಸ್ಟಿಕ್‌ಗೆ ಸುಮಾರು 35 ಕಿಲೋಮೀಟರ್. ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ತೀರ್ಮಾನಿಸುವುದು ಮಾತ್ರ ಹೆಬ್ಬಾಳ. ಅಲ್ಲಿಯವರೆಗೆ ಬಳ್ಳಾರಿ ರಸ್ತೆ ಅಗಲವಾಗಿದೆ, ಗಾಡಿ ಸಲೀಸಾಗಿ ಓಡುತ್ತದೆ. ಹೆಬ್ಬಾಳಕ್ಕೆ ಬಂದೊಡನೆ ತುಮಕೂರು ರಸ್ತೆ ಕಡೆಯ ವಾಹನ, ಕೆ.ಆರ್. ಪುರ ಕಡೆಯ ವಾಹನ, ಊರೊಳಗೆ ಹೋಗುವವು ಎಲ್ಲವೂ ಒಂದೇ ಕಡೆ ಬಂದು ಸೇರುತ್ತವೆ. ಬೆಳಗಿನ ಜಾವ ಮುಕ್ಕಾಲು ಗಂಟೆಯಲ್ಲಿ ಮುಗಿಯುವ ದಾರಿ ಸಂಜೆ ಆರರ ಹೊತ್ತಿಗೆ ಎರಡು ಗಂಟೆ ತಿನ್ನುವುದು ಇದರಿಂದಲೇ. ಆ ಹೊತ್ತಿನಲ್ಲಿ ಟ್ಯಾಕ್ಸಿ ಹಿಡಿದರೂ ಬಸ್ಸಿಗಿಂತ ಬೇಗ ಮುಟ್ಟುತ್ತೀರಿ ಎಂದೇನಿಲ್ಲ, ಎರಡೂ ಅದೇ ಸಾಲಿನಲ್ಲಿ ನಿಂತಿರುತ್ತವೆ. ಆದ್ದರಿಂದ ಬ್ಯಾಗ್ ಬರುವ ಬೆಲ್ಟ್ ಹತ್ತಿರ ಕಾಯುವಾಗಲೇ ಯಾವುದರಲ್ಲಿ ಹೋಗುವುದೆಂದು ನಿರ್ಧರಿಸಿಬಿಡಿ. ಹೊರಗೆ ಬಂದು ಯೋಚಿಸುತ್ತ ನಿಂತವರ ಹಿಂದೆಯೇ "ಸರ್, ಟ್ಯಾಕ್ಸಿ" ಎನ್ನುವವರು ಬರುತ್ತಾರೆ.

ಮೊದಲು ಇಳಿದದ್ದು ಯಾವ ಟರ್ಮಿನಲ್ ಎಂದು ಖಚಿತ ಮಾಡಿಕೊಳ್ಳಿ. 2023ರ ಸೆಪ್ಟೆಂಬರಿನಿಂದ ಅಂತರರಾಷ್ಟ್ರೀಯ ವಿಮಾನಗಳೆಲ್ಲ ಟರ್ಮಿನಲ್ 2ಕ್ಕೆ ಬರುತ್ತಿವೆ. ದೇಶದೊಳಗಿನವು ಎರಡರಲ್ಲೂ ಹಂಚಿಹೋಗಿವೆ. ಕರೆದೊಯ್ಯಲು ಬರುವವರು ಒಂದು ಟರ್ಮಿನಲ್‌ನಲ್ಲಿ, ನೀವು ಇನ್ನೊಂದರಲ್ಲಿ ನಿಂತು ಫೋನ್ ಮಾಡಿಕೊಳ್ಳುವುದು ಇಲ್ಲಿ ದಿನವೂ ನಡೆಯುತ್ತದೆ. ಎರಡರ ನಡುವೆ ಉಚಿತ ಶಟಲ್ ಬಸ್ ಇದೆ.

ವಾಯುವಜ್ರ

ಒಬ್ಬರೇ ಅಥವಾ ಇಬ್ಬರೇ ಇದ್ದು, ಒಬ್ಬೊಬ್ಬರಿಗೆ ಒಂದೊಂದು ಸೂಟ್‌ಕೇಸ್ ಇದ್ದರೆ ಬಿಎಂಟಿಸಿಯ ವಾಯುವಜ್ರವೇ ಸರಿಯಾದ ಆಯ್ಕೆ. ಎಸಿ ಬಸ್ಸು, ಲಗೇಜಿಗೆ ಒಳಗೇ ಜಾಗ, ಟ್ಯಾಕ್ಸಿಯ ಮೂರನೇ ಒಂದು ಪಾಲಿನ ಆಸುಪಾಸಿನಲ್ಲಿ ಟಿಕೆಟ್. ಬೋರ್ಡಿನ ಮೇಲೆ ಕೆಐಎ ಎಂದೂ ಅದರ ಮುಂದೆ ಸಂಖ್ಯೆಯೂ ಇರುತ್ತದೆ. ಕೆಐಎ-9 ಹೆಬ್ಬಾಳ, ಮೇಖ್ರಿ ಸರ್ಕಲ್ ಹಾದು ಮೆಜೆಸ್ಟಿಕ್ ಸೇರುತ್ತದೆ. ಕೆಐಎ-8 ಸಿಲ್ಕ್ ಬೋರ್ಡ್ ಮೇಲೆ ಎಲೆಕ್ಟ್ರಾನಿಕ್ ಸಿಟಿಗೆ ಹೋಗುತ್ತದೆ. ಒಂದೇ ಬಡಾವಣೆಗೆ ಎರಡು ಸಂಖ್ಯೆಯ ಬಸ್ಸು ಬೇರೆ ಬೇರೆ ದಾರಿಯಲ್ಲಿ ಹೋಗುವುದುಂಟು. ಆದ್ದರಿಂದ ಹತ್ತುವ ಮುಂಚೆ ಬಾಗಿಲಲ್ಲೇ ಕಂಡಕ್ಟರಿಗೆ ನಿಮ್ಮ ಸ್ಟಾಪಿನ ಹೆಸರು ಹೇಳಿ ಕೇಳಿ. ಬಡಾವಣೆಯ ಹೆಸರು ಸಾಲದು. "ಮಾರತ್ತಹಳ್ಳಿ" ಎಂದರೆ ಸೇತುವೆಯ ಹತ್ತಿರವೋ ಇನ್ನೂ ಮುಂದೋ ಎಂಬ ಗೊಂದಲ ಬರುತ್ತದೆ, ದೊಡ್ಡ ಲಗೇಜ್ ಇಟ್ಟುಕೊಂಡು ಒಂದು ಸ್ಟಾಪು ತಪ್ಪಿದರೆ ಮತ್ತೆ ಆಟೊ ಮಾಡಬೇಕು.

ಬಸ್ಸು ಎಲ್ಲಿದೆ ಎಂದು ನಮ್ಮ ಬಿಎಂಟಿಸಿ ಆ್ಯಪಿನಲ್ಲಿ ಕಾಣುತ್ತದೆ. ರಾತ್ರಿ ಹನ್ನೊಂದರ ನಂತರ ಬಸ್ಸುಗಳ ನಡುವಿನ ಅಂತರ ಹೆಚ್ಚುವುದರಿಂದ ಆಗ ಇದನ್ನು ನೋಡಿಯೇ ಹೊರಗೆ ಬನ್ನಿ. ಶಕ್ತಿ ಯೋಜನೆಯ ಉಚಿತ ಪ್ರಯಾಣ ಎಸಿ ಬಸ್ಸುಗಳಿಗಿಲ್ಲ, ವಾಯುವಜ್ರದಲ್ಲಿ ಮಹಿಳೆಯರೂ ಟಿಕೆಟ್ ತೆಗೆದುಕೊಳ್ಳಬೇಕು. ಯುಪಿಐ ನಡೆಯುತ್ತದೆ, ಆದರೂ ಕೈಯಲ್ಲಿ ಒಂದಷ್ಟು ನೂರರ ನೋಟು ಇರಲಿ. ಹೊರದೇಶದಿಂದ ಬಂದು ಇಲ್ಲಿಯ ಸಿಮ್ ಇಲ್ಲದವರಿಗೆ ಇದು ಇನ್ನೂ ಮುಖ್ಯ.

ಬಸ್ಸಿನ ಜೊತೆ ಮೆಟ್ರೋ ಸೇರಿಸಿದರೆ ಲಾಭ ದೊಡ್ಡದು. ವೈಟ್‌ಫೀಲ್ಡ್ ಕಡೆಯವರು ಹೊರ ವರ್ತುಲ ರಸ್ತೆಯಲ್ಲಿ ಹೋಗುವ ಬಸ್ಸು ಹಿಡಿದು ಟಿನ್ ಫ್ಯಾಕ್ಟರಿಯಲ್ಲಿ ಇಳಿಯಿರಿ. ಪಕ್ಕದಲ್ಲೇ ಬೆನ್ನಿಗಾನಹಳ್ಳಿ ನಿಲ್ದಾಣ, ಅಲ್ಲಿಂದ ನೇರಳೆ ಮಾರ್ಗ ಕಾಡುಗೋಡಿವರೆಗೂ ಒಯ್ಯುತ್ತದೆ. ಜಯನಗರ, ಬನಶಂಕರಿ, ರಾಜಾಜಿನಗರ, ವಿಜಯನಗರದವರು ಕೆಐಎ-9ರಲ್ಲಿ ಮೆಜೆಸ್ಟಿಕ್‌ಗೆ ಬಂದು ಹಸಿರು ಅಥವಾ ನೇರಳೆ ಮಾರ್ಗ ಹಿಡಿಯಬಹುದು. ಎರಡು ತೊಡಕು ನೆನಪಿರಲಿ. ಮೆಟ್ರೋ ರಾತ್ರಿ ಹನ್ನೊಂದರ ಸುಮಾರಿಗೆ ನಿಲ್ಲುತ್ತದೆ, ಆದ್ದರಿಂದ ಒಂಬತ್ತರ ನಂತರ ವಿಮಾನ ನಿಲ್ದಾಣ ಬಿಟ್ಟವರು ಇದನ್ನು ನಂಬಬೇಡಿ. ಎರಡನೆಯದು ಬ್ಯಾಗಿನ ಅಳತೆ: 60×45×25 ಸೆಂಟಿಮೀಟರಿಗಿಂತ ದೊಡ್ಡದು ಅಥವಾ 15 ಕಿಲೋ ಮೀರಿದ್ದು ಇದ್ದರೆ ಬೇರೆ ಟಿಕೆಟ್ ಕೇಳುತ್ತಾರೆ. ವಿದೇಶದಿಂದ ತರುವ 23 ಕಿಲೋ ಪೆಟ್ಟಿಗೆಗಳು ಈ ಮಿತಿಯೊಳಗೆ ಬರುವುದಿಲ್ಲ.

ವಿಮಾನ ನಿಲ್ದಾಣಕ್ಕೇ ಬರಲಿರುವ ಮೆಟ್ರೋ ನೀಲಿ ಮಾರ್ಗದ ಕಂಬಗಳು ಬಳ್ಳಾರಿ ರಸ್ತೆಯ ಉದ್ದಕ್ಕೂ ಕಾಣುತ್ತವೆ. ಅದು ಓಡಲು ಶುರುವಾದ ದಿನ ಹೆಬ್ಬಾಳದ ಲೆಕ್ಕವೇ ಬದಲಾಗುತ್ತದೆ.

ಟ್ಯಾಕ್ಸಿ

ಮೂರ್ನಾಲ್ಕು ಜನ, ಮಕ್ಕಳು, ನಡುರಾತ್ರಿ, ಭಾರಿ ಲಗೇಜು: ಇವುಗಳಲ್ಲಿ ಯಾವ ಎರಡು ಸೇರಿದರೂ ಟ್ಯಾಕ್ಸಿಯೇ ಮೇಲು. ಎಷ್ಟು ಕೊಡಬೇಕು ಎಂಬುದಕ್ಕೆ ಅಳತೆಗೋಲು ಇದೆ. ರಾಜ್ಯ ಸರ್ಕಾರ 2024ರ ಜನವರಿಯಲ್ಲಿ ಆ್ಯಪ್ ಟ್ಯಾಕ್ಸಿಗೂ ಊರಿನ ಟ್ಯಾಕ್ಸಿಗೂ ಒಂದೇ ದರ ಗೊತ್ತು ಮಾಡಿತು. 10 ಲಕ್ಷ ರೂಪಾಯಿವರೆಗಿನ ಕಾರಿಗೆ ಮೊದಲ 4 ಕಿಲೋಮೀಟರಿಗೆ 100 ರೂಪಾಯಿ, ಆಮೇಲೆ ಕಿಲೋಮೀಟರಿಗೆ 24. ಕಾರಿನ ಬೆಲೆ 10ರಿಂದ 15 ಲಕ್ಷವಿದ್ದರೆ 115 ಮತ್ತು 28, ಅದಕ್ಕೂ ಮೇಲಿದ್ದರೆ 130 ಮತ್ತು 32. ರಾತ್ರಿ 12ರಿಂದ ಬೆಳಿಗ್ಗೆ 6ರವರೆಗೆ ನೂರಕ್ಕೆ 10 ಹೆಚ್ಚು. ಕಾಯುವುದಕ್ಕೆ ಮೊದಲ 5 ನಿಮಿಷ ಉಚಿತ, ಆಮೇಲೆ ನಿಮಿಷಕ್ಕೆ 1 ರೂಪಾಯಿ. 120 ಕಿಲೋವರೆಗಿನ ಲಗೇಜಿಗೆ ಏನೂ ಇಲ್ಲ, ಆದ್ದರಿಂದ ಡಿಕ್ಕಿ ತುಂಬಿತು ಎಂದು ಹೆಚ್ಚು ಕೇಳಿದರೆ ಕೊಡಬೇಕಿಲ್ಲ.

ಮೆಜೆಸ್ಟಿಕ್‌ಗೆ 35 ಕಿಲೋಮೀಟರ್ ಹಿಡಿದರೆ ಸಣ್ಣ ಕಾರಿಗೆ 100ಕ್ಕೆ 31 ಬಾರಿ 24 ಸೇರಿ 844 ರೂಪಾಯಿ. ರಾತ್ರಿಯಾದರೆ 928. ಇದರ ಮೇಲೆ ಶೇಕಡಾ 5 ಜಿಎಸ್‌ಟಿ ಮತ್ತು ಸಾದಹಳ್ಳಿಯ ಟೋಲ್. ಆ್ಯಪ್ ತೋರಿಸುವ ಮೊತ್ತವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಎರಡು ಪಟ್ಟು ಹತ್ತಿರವಿದ್ದರೆ ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ, ಬೇರೆ ಆ್ಯಪಿನಲ್ಲೂ ನೋಡಿ. ಒಟ್ಟಿಗೆ ಮೂರ್ನಾಲ್ಕು ವಿಮಾನ ಇಳಿದಾಗ ದರ ಏರುತ್ತದೆ, ಆ ಜನ ಕರಗಿದ ಮೇಲೆ ಇಳಿಯುತ್ತದೆ. ಟೋಲ್ ಬಿಲ್ಲಿನಲ್ಲೇ ಸೇರಿದೆಯೋ ಇಲ್ಲವೋ ನೋಡಿಕೊಳ್ಳದಿದ್ದರೆ ಅದನ್ನೇ ಎರಡು ಸಲ ಕೊಟ್ಟಿರುತ್ತೀರಿ.

ಬ್ಯಾಗ್ ಕೈಗೆ ಬರುವ ಮುನ್ನ ಬುಕ್ ಮಾಡಬೇಡಿ. ಬೆಲ್ಟ್ ತಡವಾದರೆ ಕಾಯುವ ಹಣ ಬೀಳುತ್ತದೆ, ಇಲ್ಲವೇ ಚಾಲಕ ರದ್ದು ಮಾಡಿ ಹೋಗುತ್ತಾನೆ. ಒಂದೊಂದು ಕಂಪನಿಗೂ ಕಾರು ಹತ್ತುವ ಜಾಗ ಬೇರೆ, ತೂಗುಬೋರ್ಡುಗಳನ್ನು ನೋಡಿಕೊಂಡು ಅಲ್ಲಿಗೆ ಹೋಗಿ. ಕೆಲವು ಕಡೆ ಕಾರಿನ ನಂಬರ್ ಮೊದಲೇ ಬರುವುದಿಲ್ಲ. ಫೋನಿಗೆ ಬಂದ ಪಿನ್ ಅನ್ನು ಸಾಲಿನ ಮೊದಲ ಚಾಲಕರಿಗೆ ಹೇಳಿದರೆ ಆ ಕಾರೇ ನಿಮ್ಮದಾಗುತ್ತದೆ. ಚಾಲಕರು ಫೋನ್ ಮಾಡಿ "ಎಲ್ಲಿಗೆ, ಕ್ಯಾಶಾ?" ಎಂದು ಕೇಳಿ "ನೀವೇ ಕ್ಯಾನ್ಸಲ್ ಮಾಡಿ" ಎಂದರೆ ಮಾಡಬೇಡಿ. ರದ್ದು ಶುಲ್ಕ ನಿಮ್ಮ ಲೆಕ್ಕಕ್ಕೆ ಬೀಳಬಹುದು. ಅವರೇ ಬಿಡಲಿ.

ಆ್ಯಪ್ ಬೇಡವಾದರೆ ರಾಜ್ಯ ಪ್ರವಾಸೋದ್ಯಮ ನಿಗಮದ ಏರ್‌ಪೋರ್ಟ್ ಟ್ಯಾಕ್ಸಿಗಳಿವೆ, ಮೀಟರ್ ಮೇಲೆ ಓಡುತ್ತವೆ. ಮಹಿಳೆಯರೇ ಓಡಿಸುವ ಪಿಂಕ್ ಟ್ಯಾಕ್ಸಿಗಳೂ 2019ರಲ್ಲಿ ಬಂದವು.

ಹತ್ತುವ ಮುಂಚೆ ನಂಬರ್ ಪ್ಲೇಟಿನ ಬಣ್ಣ ನೋಡುವುದು ಎಲ್ಲಕ್ಕಿಂತ ಮುಖ್ಯ. ಬಾಡಿಗೆ ಗಾಡಿಗೆ ಹಳದಿ ಪ್ಲೇಟು, ಕಪ್ಪು ಅಕ್ಷರ. ಬಾಡಿಗೆಯ ಎಲೆಕ್ಟ್ರಿಕ್ ಕಾರಾದರೆ ಹಸಿರು ಪ್ಲೇಟಿನ ಮೇಲೆ ಹಳದಿ ಅಕ್ಷರ. ಹಸಿರಿನ ಮೇಲೆ ಬಿಳಿ ಅಕ್ಷರವಿದ್ದರೆ ಸ್ವಂತ ಗಾಡಿ, ಬಿಳಿ ಪ್ಲೇಟಿಗೆ ಕಪ್ಪು ಅಕ್ಷರವಿದ್ದರೂ ಸ್ವಂತದ್ದೇ. ಅಗ್ಗವೆಂದು ವೈಟ್ ಬೋರ್ಡ್ ಹತ್ತಿದರೆ ಬಾಡಿಗೆಯ ದಾಖಲೆ ಇರುವುದಿಲ್ಲ, ಅಪಘಾತವಾದರೆ ವಿಮೆಗೂ ತಕರಾರು ಬರುತ್ತದೆ. ಆಗಮನದ ಬಾಗಿಲಲ್ಲಿ ಕೂಗಿ ಕರೆಯುವವರ ಗಾಡಿಗಳಲ್ಲಿ ಇಂಥವೂ ಇರುತ್ತವೆ.

ಹೆಣ್ಣೂರು, ಕಲ್ಯಾಣನಗರ, ಕೆ.ಆರ್. ಪುರದ ಕಡೆ ಹೋಗುವವರಿಗೆ ಬಾಗಲೂರು ಮೇಲಿನ ದಾರಿ ಇದೆ. ಹೆಬ್ಬಾಳವೂ ಸಾದಹಳ್ಳಿ ಟೋಲೂ ತಪ್ಪುತ್ತವೆ. ಆದರೆ ರಸ್ತೆ ಕಿರಿದು, ಬೀದಿದೀಪ ಕಡಿಮೆ, ಮಳೆ ಬಂದರೆ ಗುಂಡಿ ಕಾಣುವುದಿಲ್ಲ. ಹಗಲಲ್ಲಿ ಒಳ್ಳೆಯದು, ತಡರಾತ್ರಿ ಒಬ್ಬರೇ ಇದ್ದರೆ ಬಳ್ಳಾರಿ ರಸ್ತೆಯಲ್ಲೇ ಹೋಗಲು ಹೇಳಿ.

ರೈಲು

ಯಲಹಂಕ–ಚಿಕ್ಕಬಳ್ಳಾಪುರ ಮಾರ್ಗದಲ್ಲಿ 2021ರ ಜನವರಿಯಿಂದ ವಿಮಾನ ನಿಲ್ದಾಣದ ಹಾಲ್ಟ್ ಸ್ಟೇಷನ್ ಇದೆ. ಟಿಕೆಟ್ ಬಹಳ ಅಗ್ಗ. ಟರ್ಮಿನಲ್‌ನಿಂದ ಮೂರ್ನಾಲ್ಕು ಕಿಲೋಮೀಟರ್ ದೂರ, ದಿನಕ್ಕೆ ಕೆಲವೇ ರೈಲು. ಸಮಯ ನಿಮ್ಮ ವಿಮಾನಕ್ಕೆ ಹೊಂದಿದರೆ ಸರಿ, ಇಲ್ಲವಾದರೆ ಕಾಯುತ್ತ ಕೂರಬೇಡಿ.

ಮೈಸೂರು, ಮಡಿಕೇರಿ

ಬೆಂಗಳೂರಿನ ಒಳಗೆ ಇಳಿಯುವ ಕೆಲಸವಿಲ್ಲದವರು ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಹಿಡಿಯಿರಿ. ಟರ್ಮಿನಲ್‌ನಿಂದಲೇ ಹೊರಟು ಸುಮಾರು 180 ಕಿಲೋಮೀಟರ್ ದೂರದ ಮೈಸೂರಿಗೆ ನಾಲ್ಕು ಗಂಟೆಯ ಮೇಲೆ ಸ್ವಲ್ಪ ಹೊತ್ತಿನಲ್ಲಿ ಮುಟ್ಟಿಸುತ್ತದೆ. ಮಡಿಕೇರಿಗೂ ಇದೆ. ಮೆಜೆಸ್ಟಿಕ್‌ಗೆ ಹೋಗಿ ಲಗೇಜ್ ಎಳೆದುಕೊಂಡು ಬಸ್ಸು ಬದಲಾಯಿಸುವ ಪಾಡು ತಪ್ಪುತ್ತದೆ. ಆನ್‌ಲೈನಿನಲ್ಲಿ ಸೀಟು ಕಾಯ್ದಿರಿಸುವಾಗ ಅವಸರ ಬೇಡ: ದೇಶದೊಳಗಿನ ವಿಮಾನವಾದರೆ ಇಳಿಯುವ ವೇಳೆಯ ಮೇಲೆ ಒಂದೂವರೆ ಗಂಟೆ, ವಿದೇಶದ್ದಾದರೆ ಎರಡೂವರೆ ಗಂಟೆ ಬಿಟ್ಟ ಬಸ್ಸು ಆರಿಸಿ. ಇಮಿಗ್ರೇಷನ್ ಸಾಲು ಉದ್ದವಾದ ದಿನ ವಿಮಾನ ಸಮಯಕ್ಕೆ ಇಳಿದರೂ ಬಸ್ಸು ತಪ್ಪುತ್ತದೆ.

ಹಿರಿಯರು ಒಬ್ಬರೇ ಬರುವುದಾದರೆ

ಅಪ್ಪ ಅಮ್ಮನಿಗೆ ದೂರದಿಂದಲೇ ಟ್ಯಾಕ್ಸಿ ಬುಕ್ ಮಾಡುವವರು ಬಹಳ ಮಂದಿ. ಕೆಡುವುದು ಬಹುತೇಕ ಒಂದೇ ಕಡೆ: ಪಿನ್ ಬರುವುದು ಬುಕ್ ಮಾಡಿದವರ ಫೋನಿಗೆ, ಕಾರಿನ ಮುಂದೆ ನಿಂತಿರುವವರು ಅಪ್ಪ ಅಮ್ಮ. ಆ್ಯಪಿನಲ್ಲಿ "ಬೇರೆಯವರಿಗಾಗಿ" ಎಂಬ ಆಯ್ಕೆ ಒತ್ತಿ ಅವರ ನಂಬರನ್ನೇ ಕೊಡಿ. ಮನೆಯ ವಿಳಾಸ, ಹತ್ತಿರದ ದೇವಸ್ಥಾನವೋ ಶಾಲೆಯೋ ಅದರ ಹೆಸರು, ನಿಮ್ಮ ಫೋನ್ ನಂಬರ್ ಇಷ್ಟನ್ನು ಕನ್ನಡದಲ್ಲಿ ಒಂದು ಚೀಟಿಯಲ್ಲಿ ಬರೆದು ಮೊದಲೇ ಅವರ ಕೈಚೀಲದಲ್ಲಿಡಿಸಿ. ಫೋನ್ ಚಾರ್ಜ್ ಮುಗಿದರೂ ಆ ಚೀಟಿ ಚಾಲಕರಿಗೆ ಸಾಕು. ಅವರು ಕಾರು ಹತ್ತಿದ ಮೇಲೆ ಹಿಂದಿನ ಬಾಗಿಲು ಒಳಗಿನಿಂದ ತೆರೆಯುತ್ತದೆಯೇ ಎಂದು ಒಮ್ಮೆ ನೋಡಲು ಹೇಳಿ. ಚೈಲ್ಡ್ ಲಾಕ್ ಹಾಕಿದ್ದರೆ ಹೊರಡುವ ಮೊದಲೇ ತೆಗೆಸಬೇಕು.